ಖಾಲಿ ಇದ್ದೂ ಸಿಗದ ಮೆಮೊರಿ, ಚಿತ್ರದಲ್ಲಿ ಉಳಿದ ಹಳೆಯ ಗೆರೆ: ಮೆಣಸಿನಕಾಯಿ ವಿಂಗಡಣೆ ಯಂತ್ರದ ಕರ್ನಲ್ ಡ್ರೈವರ್ ಕುರಿತ ಪ್ರಕರಣ ಅಧ್ಯಯನ

ಒಣಮೆಣಸಿನಕಾಯಿಯನ್ನು ಬಣ್ಣ ನೋಡಿ ಬೇರ್ಪಡಿಸುವ ಯಂತ್ರಕ್ಕಾಗಿ ಹುಬ್ಬಳ್ಳಿಯ ಸಣ್ಣ ತಂಡವೊಂದು ಬರೆದ ಲಿನಕ್ಸ್ ಕರ್ನಲ್ ಡ್ರೈವರ್‌ನಲ್ಲಿ ಒಂದೇ ಹಂಗಾಮಿನಲ್ಲಿ ಎರಡು ದೂರುಗಳು ಬಂದವು. ಕರ್ನಲ್ ಎಂದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳು, ಡ್ರೈವರ್ ಎಂದರೆ ಒಂದು ಸಾಧನವನ್ನು ನಡೆಸಲು ಅದಕ್ಕೆ ಸೇರಿಸುವ ತುಣುಕು. ಮೆಮೊರಿ ಧಾರಾಳವಾಗಿ ಖಾಲಿ ಇದ್ದರೂ ಡ್ರೈವರ್‌ಗೆ ಬೇಕಾದ ಬಫರ್ (ಚಿತ್ರ ತುಂಬಿಡುವ ಮೆಮೊರಿಯ ತುಂಡು) ಸಿಗದೆ ಯಂತ್ರ ಆರಂಭವಾಗದಿರುವುದು ಮೊದಲನೆಯದು. ಕ್ಯಾಮೆರಾ ಚಿತ್ರದಲ್ಲಿ ಆಗೊಮ್ಮೆ ಈಗೊಮ್ಮೆ ಹಿಂದಿನ ಚಿತ್ರದ ತುಣುಕುಗಳು ಸಣ್ಣ ಗೆರೆಗಳಾಗಿ ಉಳಿಯುವುದು ಎರಡನೆಯದು. ಇವೆರಡೂ ಬೇರೆ ಬೇರೆ ದೋಷಗಳೆಂದು ತಂಡ ಹೇಳುತ್ತಿತ್ತು, ಕಟ್ಟುನಿಟ್ಟಾಗಿ ನೋಡಿದರೆ ಅದು ನಿಜವೇ. ಆದರೂ ಎರಡರ ಬೇರೂ ಡ್ರೈವರ್‌ನ ಒಂದೇ ಭಾಗದಲ್ಲಿತ್ತು: ಬಫರ್ ಪಡೆಯುವಾಗ ‘ಎಷ್ಟು ಬೇಕು’ ಎಂಬುದನ್ನು ಮಾತ್ರ ಕೇಳಲಾಗಿತ್ತು; ಅದು ಯಾವ ಕ್ಷಣದಲ್ಲಿ ಯಾರ ವಶದಲ್ಲಿರುತ್ತದೆ, ಯಾವಾಗ ಯಾರ ಕೈಗೆ ಹೋಗುತ್ತದೆ ಎಂಬುದು ಎಲ್ಲಿಯೂ ನಿರ್ಧಾರವಾಗಿರಲಿಲ್ಲ. ಡ್ರೈವರ್‌ನ ಪರಿಶೀಲನೆಗೆ ನಾನು ಧಾರವಾಡದಿಂದ ಹೊರಗಿನವನಾಗಿ ಸೇರಿದ್ದೆ. ಘಟಕದ ಹೆಸರನ್ನೂ ಗಿರಾಕಿಯ ಹೆಸರನ್ನೂ ಇಲ್ಲಿ ಬಿಟ್ಟಿದ್ದೇನೆ.

ಯಂತ್ರ ಮತ್ತು ಅದರ ಡ್ರೈವರ್

ಬ್ಯಾಡಗಿ ಮೆಣಸಿನಕಾಯಿಯ ದರ ಖಾರಕ್ಕಿಂತ ಹೆಚ್ಚಾಗಿ ಬಣ್ಣದ ಮೇಲೆ ನಿಂತಿದೆ. 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಈ ಕಾಯಿಯಲ್ಲಿ ಖಾರ ಕಡಿಮೆ, ಕೆಂಪು ದಟ್ಟ. ಡಬ್ಬಿ ತಳಿಯಾಗಲಿ ಕಡ್ಡಿ ತಳಿಯಾಗಲಿ, ಮಾಲಿನಲ್ಲಿ ಬಿಳಿಚಿದ ಕಾಯಿ ಬೆರೆತಷ್ಟೂ ಅದರ ಬೆಲೆ ಇಳಿಯುತ್ತದೆ. ಹಾವೇರಿ ಜಿಲ್ಲೆಯ ಗಿರಾಕಿಯೊಬ್ಬರ ಘಟಕದಲ್ಲಿ ಕೂರಿಸಿದ್ದ ಯಂತ್ರದಲ್ಲಿ ಕಾಯಿಗಳು ಬಿಳಿ ಪಟ್ಟೆಯ ಮೇಲೆ ಹರಿದು ಬರುತ್ತವೆ, ಮೇಲಿನಿಂದ ಕ್ಯಾಮೆರಾ ಒಂದೊಂದೇ ಸಾಲಾಗಿ ಚಿತ್ರ ತೆಗೆಯುತ್ತದೆ, ಬಿಳಿಚಿದ ಕಾಯಿ ಕಂಡಲ್ಲಿ ಪಟ್ಟೆಯ ತುದಿಯ ನಳಿಕೆಯಿಂದ ಗಾಳಿ ಊದಿ ಅದನ್ನು ಪಕ್ಕಕ್ಕೆ ತಳ್ಳಲಾಗುತ್ತದೆ.

ಕ್ಯಾಮೆರಾದ ಒಂದು ಸಾಲಿನಲ್ಲಿ 2,048 ಬಿಂದುಗಳು, ಪ್ರತಿ ಬಿಂದುವಿಗೆ ಕೆಂಪು, ಹಸಿರು, ನೀಲಿ ಎಂದು 3 ಬೈಟ್. ಅಂದರೆ ಸಾಲಿಗೆ 6,144 ಬೈಟ್. ಇಂಥ 512 ಸಾಲು ಸೇರಿದರೆ ಒಂದು ಚಿತ್ರ, ಸರಿಯಾಗಿ 3 ಎಂಬಿ. ಸೆಕೆಂಡಿಗೆ 10,000 ಸಾಲು ಬರುವುದರಿಂದ ಸುಮಾರು 51 ಮಿಲಿಸೆಕೆಂಡಿಗೆ ಒಂದು ಚಿತ್ರ ಸಿದ್ಧವಾಗುತ್ತದೆ. ಕ್ಯಾಮೆರಾದ ಸಂಕೇತವನ್ನು ಒಂದು ಎಫ್‌ಪಿಜಿಎ (ಒಳಗಿನ ವಿನ್ಯಾಸವನ್ನು ಬೇಕಾದಂತೆ ತುಂಬಬಹುದಾದ ಚಿಪ್) ಹಿಡಿದು, ಪ್ರೊಸೆಸರ್‌ನ ನೆರವಿಲ್ಲದೆ ನೇರವಾಗಿ ಮೆಮೊರಿಗೆ ಬರೆಯುತ್ತದೆ. ಇದನ್ನೇ ಡಿಎಂಎ ಎನ್ನುವುದು. ಡ್ರೈವರ್‌ನ ಕೆಲಸ ಎಫ್‌ಪಿಜಿಎಗೆ ನಾಲ್ಕು ಬಫರ್‌ಗಳ ಭೌತಿಕ ವಿಳಾಸ (ಮೆಮೊರಿಯಲ್ಲಿ ಅವು ನಿಜವಾಗಿ ಇರುವ ಜಾಗ) ಕೊಡುವುದು, ಒಂದು ತುಂಬಿದೊಡನೆ ಬರುವ ಇಂಟರಪ್ಟನ್ನು (ಸಾಧನವು ಪ್ರೊಸೆಸರನ್ನು ಎಚ್ಚರಿಸುವ ಕರೆಯನ್ನು) ಸ್ವೀಕರಿಸುವುದು, ತುಂಬಿದ ಬಫರನ್ನು ಮೇಲಿನ ಅಪ್ಲಿಕೇಶನ್‌ಗೆ ತೋರಿಸುವುದು.

ಮೊದಲ ಮಾದರಿಯನ್ನು ತಂಡ ಕಚೇರಿಯ ಸಾಮಾನ್ಯ ಪಿಸಿಯಲ್ಲಿ, ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಹಾಕಿ ಕಟ್ಟಿತ್ತು. ಅಲ್ಲಿ ಡ್ರೈವರ್ ಕೆಮ್ಯಾಲಕ್ ಎಂಬ ಕರ್ನಲ್ ಕರೆಯಿಂದ ಬಫರ್ ಪಡೆಯುತ್ತಿತ್ತು, ಕರ್ನಲ್ ವಿಳಾಸವನ್ನು ವರ್ಟ್ ಟು ಫಿಸ್ ಎಂಬ ಕರೆಯ ಮೂಲಕ ಭೌತಿಕ ವಿಳಾಸಕ್ಕೆ ತಿರುಗಿಸಿ ಕಾರ್ಡಿಗೆ ಬರೆಯುತ್ತಿತ್ತು. ಅದು ಚೆನ್ನಾಗಿಯೇ ನಡೆಯಿತು. ಆಮೇಲೆ ವೆಚ್ಚ ಮತ್ತು ಬಿಸಿಯ ಕಾರಣಕ್ಕೆ ಯಂತ್ರವನ್ನು ನಾಲ್ಕು ಕಾರ್ಟೆಕ್ಸ್ ಎ53 ಕೋರ್‌ಗಳ, 1 ಜಿಬಿ ಮೆಮೊರಿಯ ಬೋರ್ಡಿಗೆ ವರ್ಗಾಯಿಸಿದರು. ಕರ್ನಲ್ 5.15. ಡ್ರೈವರ್‌ನಲ್ಲಿ ರಿಜಿಸ್ಟರ್ ವಿಳಾಸಗಳು ಬದಲಾದವು, ಮೆಮೊರಿ ಪಡೆಯುವ ಭಾಗ ಹಾಗೆಯೇ ಉಳಿಯಿತು. ಪಿಸಿಯಲ್ಲಿ ತಿಂಗಳುಗಟ್ಟಲೆ ಓಡಿದ ಕೋಡನ್ನು ಮುಟ್ಟಬಾರದೆಂಬ ಎಚ್ಚರಿಕೆ ಸಾಮಾನ್ಯವಾಗಿ ಒಳ್ಳೆಯದೇ. ಇಲ್ಲಿ ಮುಟ್ಟದೆ ಬಿಟ್ಟ ಭಾಗವೇ ಬೋರ್ಡ್ ಬದಲಾದಾಗ ಅರ್ಥ ಬದಲಾಗುವ ಭಾಗವಾಗಿತ್ತು.

ಮೊದಲ ದೂರು

ಬೆಳಿಗ್ಗೆ ಯಂತ್ರ ಚಾಲೂ ಮಾಡಿದರೆ ತೊಂದರೆ ಇರುತ್ತಿರಲಿಲ್ಲ. ಲಾಟ್ ಬದಲಾದಾಗ ಆಪರೇಟರ್ ಬಣ್ಣದ ಮಿತಿಗಳನ್ನು ಹೊಸದಾಗಿ ಹೊಂದಿಸಿ ಅಪ್ಲಿಕೇಶನ್ ಮುಚ್ಚಿ ತೆರೆಯುತ್ತಾರೆ. ಮುಚ್ಚಿದಾಗ ಡ್ರೈವರ್ ನಾಲ್ಕೂ ಬಫರ್‌ಗಳನ್ನು ಕರ್ನಲ್‌ಗೆ ಮರಳಿಸುತ್ತಿತ್ತು, ತೆರೆದಾಗ ಮತ್ತೆ ಕೇಳುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹೀಗೆ ಕೇಳಿದಾಗ ಬಫರ್ ಸಿಗುತ್ತಿರಲಿಲ್ಲ. ಕರ್ನಲ್‌ನ ದಾಖಲೆಯಲ್ಲಿ ಆರ್ಡರ್ 10ರ ಪುಟ ಹಂಚಿಕೆ ವಿಫಲವಾಯಿತೆಂಬ ಸಂದೇಶ ಬಿದ್ದಿರುತ್ತಿತ್ತು. ಬೋರ್ಡನ್ನು ಆರಿಸಿ ಹಚ್ಚಿದರೆ ಮತ್ತೆ ಸರಿ. ಫೋನಿನಲ್ಲಿ ಆಪರೇಟರ್ ಕೇಳಿದ ಪ್ರಶ್ನೆ ನೇರವಾಗಿತ್ತು: “ಸರ, ಅರ್ಧಕ್ಕರ್ಧ ಮೆಮೊರಿ ಖಾಲಿ ಐತಿ ಅಂತ ನಿಮ್ಮ ಪರದೇನ ತೋರಸ್ತೈತಿ, ಮತ್ತ ಯಾಕ ಸಿಗವಲ್ದು?”

ಉತ್ತರ ಕರ್ನಲ್ ಪುಟಗಳನ್ನು ಹಂಚುವ ಕ್ರಮದಲ್ಲಿದೆ. ಮೆಮೊರಿಯನ್ನು ಕರ್ನಲ್ ಪುಟ ಎಂಬ ಸಮನಾದ ತುಂಡುಗಳಾಗಿ ಲೆಕ್ಕ ಹಾಕುತ್ತದೆ; ಈ ಬೋರ್ಡಿನಲ್ಲಿ ಒಂದು ಪುಟ 4 ಕೆಬಿ. ಒತ್ತಾಗಿ ಜೋಡಿಕೊಂಡ ಪುಟಗಳನ್ನು ಕರ್ನಲ್ 1, 2, 4, 8 ಎಂದು ಎರಡರ ಘಾತಗಳ ಗುಂಪುಗಳಾಗಿ ಇಟ್ಟುಕೊಳ್ಳುತ್ತದೆ. ಆ ಘಾತದ ಸಂಖ್ಯೆಯೇ ಆರ್ಡರ್. ಅತಿ ದೊಡ್ಡ ಗುಂಪು ಆರ್ಡರ್ 10, ಅಂದರೆ 1,024 ಪುಟ, 4 ಎಂಬಿ. ಕೆಮ್ಯಾಲಕ್‌ನಿಂದ ಒಂದೇ ಬಾರಿಗೆ ಪಡೆಯಬಹುದಾದ ಗರಿಷ್ಠವೂ ಇಲ್ಲಿ ಅಷ್ಟೇ. 3 ಎಂಬಿಗೆ ಹೊಂದುವ ಘಾತ ಇಲ್ಲದ್ದರಿಂದ ಪ್ರತಿ ಚಿತ್ರಕ್ಕೂ ಪೂರ್ತಿ 4 ಎಂಬಿ ಗುಂಪೇ ಹೋಗುತ್ತಿತ್ತು, 1 ಎಂಬಿ ಸುಮ್ಮನೆ ವ್ಯರ್ಥ. ಬೇಕಿದ್ದುದು ನಾಲ್ಕೇ ಗುಂಪು. ಆದರೆ ದಿನವಿಡೀ ಅಪ್ಲಿಕೇಶನ್ ಚಿತ್ರಗಳನ್ನು ಡಿಸ್ಕಿಗೆ ಬರೆಯುತ್ತದೆ, ಕರ್ನಲ್ ತನ್ನ ಸಣ್ಣಪುಟ್ಟ ವಸ್ತುಗಳಿಗಾಗಿ ಅಲ್ಲಲ್ಲಿ ಪುಟ ಹಿಡಿಯುತ್ತದೆ, ಮತ್ತು ಅಲುಗಿಸಲಾಗದ ಒಂದೇ ಒಂದು ಪುಟ ನಡುವೆ ಕೂತರೂ ಸುತ್ತಲಿನ 4 ಎಂಬಿ ಗುಂಪು ಹಾಳಾಗುತ್ತದೆ. ಆವಕ ಜೋರಿರುವ ದಿನ ಮಾರುಕಟ್ಟೆಯ ಪ್ರಾಂಗಣದಲ್ಲಿ ಚೀಲಗಳ ನಡುವೆ ಅಲ್ಲೊಂದು ಇಲ್ಲೊಂದು ಗೇಣು ಜಾಗ ಉಳಿದಿದ್ದರೂ ಒಂದು ಲಾರಿ ನಿಲ್ಲಿಸಲು ಎಡೆ ಸಿಗದಂತೆ, ಒಟ್ಟು ಖಾಲಿ ಎಷ್ಟಿದ್ದರೂ ಪ್ರಯೋಜನಕ್ಕೆ ಬರುತ್ತಿರಲಿಲ್ಲ.

ಇದನ್ನು ಖಚಿತಪಡಿಸಲು ಹೆಚ್ಚು ಶ್ರಮ ಬೇಕಾಗಲಿಲ್ಲ. ಪ್ರಾಕ್ ಕಡತಕೋಶದ ಬಡ್ಡಿಇನ್ಫೋ ಕಡತ ಪ್ರತಿ ಆರ್ಡರ್‌ನಲ್ಲಿ ಎಷ್ಟು ಗುಂಪು ಖಾಲಿ ಇವೆ ಎಂದು ಹೇಳುತ್ತದೆ. ಬೆಳಿಗ್ಗೆ ಅದರ ಕೊನೆಯ ಅಂಕಣದಲ್ಲಿ ದೊಡ್ಡ ಸಂಖ್ಯೆ, ಮಧ್ಯಾಹ್ನ ಸೊನ್ನೆ. ಆರ್ಡರ್ 3ರವರೆಗಿನ, ಅಂದರೆ 32 ಕೆಬಿವರೆಗಿನ ಬೇಡಿಕೆಗಳಿಗೆ ಕರ್ನಲ್ ಪಟ್ಟುಹಿಡಿದು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಅದಕ್ಕಿಂತ ದೊಡ್ಡದನ್ನು ದುಬಾರಿ ಎಂದು ಪರಿಗಣಿಸಿ ಬೇಗ ಕೈಚೆಲ್ಲುತ್ತದೆ. ಆದ್ದರಿಂದ ಡ್ರೈವರ್‌ನಲ್ಲಿ ಪ್ರಯತ್ನದ ಸಂಖ್ಯೆ ಹೆಚ್ಚಿಸುವುದರಲ್ಲಿ ಅರ್ಥವಿರಲಿಲ್ಲ.

ಗೆರೆಗಳು

ಎರಡನೆಯ ದೂರು ಹೆಚ್ಚು ಸೂಕ್ಷ್ಮದ್ದು. ಯಂತ್ರ ಒಳ್ಳೆಯ ಕಾಯಿಯನ್ನು ಆಗಾಗ ಬಿಳಿಚಿದ ಕಾಯಿಗಳ ಜೊತೆ ತಳ್ಳುತ್ತಿತ್ತು. ಆ ಕ್ಷಣದ ಚಿತ್ರ ತೆಗೆದು ನೋಡಿದಾಗ ಕೆಂಪು ಕಾಯಿಯ ನಡುವೆ ಒಂದೇ ಸಾಲಿನ ಎತ್ತರದ, ಸುಮಾರು 21 ಬಿಂದು ಉದ್ದದ ಬಿಳಿ ಗೆರೆ ಕಾಣುತ್ತಿತ್ತು. ಅದು ಪಟ್ಟೆಯ ಬಣ್ಣ. ಹಿಂದಿನ ಯಾವುದೋ ಚಿತ್ರದಲ್ಲಿ ಆ ಜಾಗದಲ್ಲಿ ಕಾಯಿ ಇಲ್ಲದೆ ಪಟ್ಟೆ ಕಂಡಿದ್ದಾಗಿನ ಬೈಟುಗಳು ಇವು. ಅಪ್ಲಿಕೇಶನ್ ಅದನ್ನು ಬಿಳಿಚಿದ ಮಚ್ಚೆ ಎಂದು ಓದುತ್ತಿತ್ತು.

ಮೊದಲು ಅನುಮಾನ ಹೋದದ್ದು ಕೇಬಲ್ಲಿನ ಮೇಲೆ, ಆಮೇಲೆ ದೀಪದ ಮೇಲೆ, ಆಮೇಲೆ ಎಫ್‌ಪಿಜಿಎ ಬರೆದವರ ಮೇಲೆ. ದೂಳು ಮತ್ತು ಮೋಟಾರುಗಳ ನಡುವೆ ಇರುವ ಯಂತ್ರದಲ್ಲಿ ಈ ಅನುಮಾನ ಸಹಜ. ದಿಕ್ಕು ತಪ್ಪದಂತೆ ಮಾಡಿದ್ದು ತಂಡದ ಅತಿ ಕಿರಿಯ ಎಂಜಿನಿಯರ್ ಮಾಡಿದ ಒಂದು ಪಟ್ಟಿ. ಅವರು ಗೆರೆ ಇರುವ ಚಿತ್ರಗಳನ್ನು ಒಟ್ಟುಮಾಡಿ, ಪ್ರತಿ ಗೆರೆ ಬಫರ್‌ನ ಎಷ್ಟನೆಯ ಬೈಟಿನಲ್ಲಿ ಆರಂಭವಾಗುತ್ತದೆ ಎಂದು ಬರೆದಿಟ್ಟರು. ಎಲ್ಲ ಸಂಖ್ಯೆಗಳೂ 64ರಿಂದ ಭಾಗವಾಗುತ್ತಿದ್ದವು. ಉದ್ದವೂ 64 ಬೈಟ್, ಕೆಲವೊಮ್ಮೆ 128. 64ನ್ನು 3ರಿಂದ ಭಾಗಿಸಿದರೆ 21 ಬಿಂದು ಕಳೆದು ಒಂದು ಬೈಟ್ ಉಳಿಯುತ್ತದೆ. ಗೆರೆಯ ಅಂಚಿನಲ್ಲಿ ಯಾವಾಗಲೂ ಒಂದು ವಿಚಿತ್ರ ಬಣ್ಣದ ಬಿಂದು ಕಾಣುತ್ತಿದ್ದುದರ ಗುಟ್ಟೂ ಇದೇ: ಆ ಬಿಂದುವಿನ ಮೂರು ಬಣ್ಣಗಳಲ್ಲಿ ಕೆಲವು ಹಳೆಯವು, ಕೆಲವು ಹೊಸವು. ಕೇಬಲ್ಲಿನ ಗದ್ದಲಕ್ಕೆ 64ರ ಮಗ್ಗಿ ಗೊತ್ತಿರಲು ಸಾಧ್ಯವಿಲ್ಲ. ಮೆಮೊರಿಯಲ್ಲಿರುವುದರ ಪ್ರತಿಯನ್ನು ಪ್ರೊಸೆಸರ್ ತನ್ನ ಬಳಿ ಇಟ್ಟುಕೊಳ್ಳುವ ವೇಗದ ಜಾಗವೇ ಕ್ಯಾಶ್, ಅದರ ಒಂದೊಂದು ತುಂಡು ಕ್ಯಾಶ್ ಲೈನ್. ಎ53ರಲ್ಲಿ ಒಂದು ಕ್ಯಾಶ್ ಲೈನ್‌ನ ಅಳತೆ 64 ಬೈಟ್.

ಪಿಸಿಯಲ್ಲಿ ಡಿಎಂಎ ಮೂಲಕ ಮೆಮೊರಿಗೆ ಬರೆದದ್ದು ಪ್ರೊಸೆಸರ್‌ನ ಕ್ಯಾಶಿಗೂ ತಿಳಿಯುವಂತೆ ಹಾರ್ಡ್‌ವೇರೇ ನೋಡಿಕೊಳ್ಳುತ್ತದೆ. ಎಆರ್‌ಎಂ ಬೋರ್ಡುಗಳಲ್ಲಿ ಅದು ಸಾಧನ ಯಾವ ದಾರಿಯಲ್ಲಿ ಮೆಮೊರಿಗೆ ಜೋಡಿಕೊಂಡಿದೆ ಎಂಬುದರ ಮೇಲೆ ನಿಂತಿರುತ್ತದೆ, ಮತ್ತು ಈ ಬೋರ್ಡಿನಲ್ಲಿ ಎಫ್‌ಪಿಜಿಎ ಬಳಸುತ್ತಿದ್ದ ದಾರಿಗೆ ಆ ವ್ಯವಸ್ಥೆ ಇರಲಿಲ್ಲ. ಹೊಸ ಚಿತ್ರ ಮೆಮೊರಿಯಲ್ಲಿ ಕೂತಿದ್ದರೂ, ಹಿಂದಿನ ಸುತ್ತಿನಲ್ಲಿ ಅದೇ ವಿಳಾಸದಿಂದ ಓದಿದ ಹಳೆಯ ಪ್ರತಿ ಕ್ಯಾಶಿನಲ್ಲಿ ಉಳಿದಿದ್ದರೆ ಪ್ರೊಸೆಸರ್ ಅದನ್ನೇ ಓದುತ್ತದೆ.

ಹಾಗಾದರೆ ಚಿತ್ರವೆಲ್ಲ ಹಳೆಯದಾಗಿರಬೇಕಿತ್ತು, ಅಪರೂಪಕ್ಕೊಂದು ಗೆರೆ ಮಾತ್ರ ಏಕೆ ಎಂದು ಎಫ್‌ಪಿಜಿಎ ಎಂಜಿನಿಯರ್ ಕೇಳಿದರು. ಈ ಪ್ರಕರಣದಲ್ಲಿ ಕೇಳಲಾದ ಅತ್ಯುತ್ತಮ ಪ್ರಶ್ನೆ ಇದೆಂದು ನನ್ನ ಎಣಿಕೆ. ನಾಲ್ಕು ಬಫರ್ ಸೇರಿ 12 ಎಂಬಿ ಚಿತ್ರ. ಬೋರ್ಡಿನ ಎರಡನೆಯ ಹಂತದ ಕ್ಯಾಶ್ 1 ಎಂಬಿ. ಒಂದು ಬಫರ್‌ಗೆ ಮತ್ತೆ ಸರದಿ ಬರುವಷ್ಟರಲ್ಲಿ ಉಳಿದ ಮೂರರ ಬೈಟುಗಳು ಕ್ಯಾಶನ್ನು ತೊಳೆದು ಹಾಕಿರುತ್ತವೆ, ಅದೃಷ್ಟಕ್ಕೆ ತಪ್ಪಿಸಿಕೊಂಡ ಕೆಲವು ಲೈನ್‌ಗಳು ಮಾತ್ರ ಗೆರೆಗಳಾಗುತ್ತವೆ. ಈ ವಿವರಣೆ ಸರಿಯಾಗಿದ್ದರೆ ಚಿತ್ರ ಚಿಕ್ಕದಾದಷ್ಟೂ ದೋಷ ಹೆಚ್ಚಬೇಕು. ಅಲ್ಲಿಯೇ ಪರೀಕ್ಷೆ ಸಿಕ್ಕಿತು. ಚಿತ್ರವನ್ನು 512 ಸಾಲಿನಿಂದ 32 ಸಾಲಿಗೆ ಇಳಿಸಿದರೆ ನಾಲ್ಕೂ ಬಫರ್ ಸೇರಿ 7,86,432 ಬೈಟ್, ಕ್ಯಾಶಿನೊಳಗೆ ಹಿಡಿಸುವಷ್ಟು. ಹಾಗೆ ಓಡಿಸಿದಾಗ ಪರದೆಯ ತುಂಬ ಗೆರೆಗಳು ಬಂದವು. ಕೇಬಲ್ಲಿನ ವಾದ ಅಂದೇ ಮುಗಿಯಿತು.

ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಗೆರೆಗಳ ಬೆನ್ನು ಹತ್ತುವ ಮೊದಲು ತಂಡ ಮೆಮೊರಿಯ ತಪ್ಪು ಬಳಕೆಯನ್ನು ಹಿಡಿಯುವ ಕಾಸಾನ್ ಎಂಬ ಉಪಕರಣ ಹಾಕಿ ಕರ್ನಲ್ ಕಟ್ಟಿತ್ತು, ಮತ್ತು ಅದು ಏನೂ ಹೇಳಲಿಲ್ಲವಾದ್ದರಿಂದ ‘ಮೆಮೊರಿ ಸರಿ ಇದೆ’ ಎಂದು ಬರೆದಿಟ್ಟುಕೊಂಡಿತ್ತು. 2015ರಲ್ಲಿ ಕರ್ನಲ್ 4.0ರೊಂದಿಗೆ ಬಂದ ಈ ಉಪಕರಣ ಅತ್ಯಂತ ಉಪಯುಕ್ತವಾದುದು. ಮೆಮೊರಿಯ ಎಂಟನೆಯ ಒಂದು ಭಾಗವನ್ನು, ಅಂದರೆ ಈ ಬೋರ್ಡಿನಲ್ಲಿ 128 ಎಂಬಿಯನ್ನು ತನ್ನ ಲೆಕ್ಕಪತ್ರಕ್ಕೆ ತೆಗೆದುಕೊಂಡು, ಕರ್ನಲ್‌ನ ಪ್ರತಿ ಓದು ಬರಹವನ್ನೂ ಅದು ತಪಾಸಿಸುತ್ತದೆ. ಆದರೆ ಅದು ನೋಡುವುದು ಪ್ರೊಸೆಸರ್ ನಡೆಸುವ ಸೂಚನೆಗಳನ್ನು ಮಾತ್ರ. ಸಾಧನ ತಾನಾಗಿ ಮೆಮೊರಿಗೆ ಬರೆದದ್ದು ಅದಕ್ಕೆ ಕಾಣುವುದಿಲ್ಲ. ಡಿಎಂಎ ಕರೆಗಳ ಬಳಕೆಯನ್ನು ಪರಿಶೀಲಿಸುವ ಇನ್ನೊಂದು ಸೌಲಭ್ಯವೂ ಕರ್ನಲ್‌ನಲ್ಲಿದೆ. ಅದು ಕೂಡ ಮೌನವಾಗಿತ್ತು, ಏಕೆಂದರೆ ಡ್ರೈವರ್ ಆ ಕರೆಗಳನ್ನು ಬಳಸಿಯೇ ಇರಲಿಲ್ಲ. ಎರಡು ಕಾವಲುಗಾರರೂ ಸುಮ್ಮನಿದ್ದುದನ್ನು ಮನೆ ಭದ್ರವಾಗಿದೆ ಎಂದು ತಿಳಿದದ್ದೇ ಈ ಪ್ರಕರಣವನ್ನು ಹೆಚ್ಚು ಉದ್ದ ಎಳೆಯಿತು.

ಚರ್ಚೆ

ಪರಿಹಾರದ ಕುರಿತ ಚರ್ಚೆಯಲ್ಲಿ ಮೊದಲು ಬಂದ ಸಲಹೆ ವಿಮ್ಯಾಲಕ್ ಎಂಬ ಕರೆ. ಅದು ಚದುರಿದ ಪುಟಗಳನ್ನೇ ತೆಗೆದುಕೊಂಡು ಕರ್ನಲ್‌ಗೆ ಒತ್ತಾಗಿ ಕಾಣುವಂತೆ ಜೋಡಿಸಿ ಕೊಡುತ್ತದೆ, ಹಾಗಾಗಿ ದೊಡ್ಡ ಗುಂಪು ಬೇಕಿಲ್ಲ. ಆದರೆ ಆ ಜೋಡಣೆ ಪ್ರೊಸೆಸರ್‌ನ ಪುಟಕೋಷ್ಟಕದಲ್ಲಿ ಮಾತ್ರ ಇರುತ್ತದೆ. ಎಫ್‌ಪಿಜಿಎ ನೋಡುವುದು ಭೌತಿಕ ವಿಳಾಸ. ಅದಕ್ಕೆ ಒಂದು ಆರಂಭದ ವಿಳಾಸ ಕೊಟ್ಟರೆ 3 ಎಂಬಿಯನ್ನು ನೇರವಾಗಿ ಬರೆದುಕೊಂಡು ಹೋಗುತ್ತದೆ. ನಡುವೆ ಸಾಧನಕ್ಕೂ ಹೀಗೆಯೇ ಪುಟ ಜೋಡಿಸಿ ತೋರಿಸುವ ಐಒಎಂಎಂಯು ಇದ್ದಿದ್ದರೆ, ಅಥವಾ ಎಫ್‌ಪಿಜಿಎ ಪುಟಗಳ ಪಟ್ಟಿ ಓದಿಕೊಂಡು ತುಂಡುತುಂಡಾಗಿ ಬರೆಯಬಲ್ಲದ್ದಾಗಿದ್ದರೆ ಮಾತು ಬೇರೆ. ಎರಡೂ ಇರಲಿಲ್ಲ, ಮತ್ತು ಹಂಗಾಮಿನ ನಡುವೆ ಎಫ್‌ಪಿಜಿಎ ವಿನ್ಯಾಸ ಬದಲಿಸಲು ಯಾರೂ ಸಿದ್ಧರಿರಲಿಲ್ಲ.

ಎರಡನೆಯ ಸಲಹೆ ಹಿರಿಯ ಎಂಜಿನಿಯರ್‌ರದು: ಬಫರನ್ನು ಬಿಡುವುದೇಕೆ? ಯಂತ್ರ ಮಾಡುವುದು ಒಂದೇ ಕೆಲಸ. ಡ್ರೈವರ್ ಮೊದಲು ಏಳುವಾಗ, ಮೆಮೊರಿ ಇನ್ನೂ ಒಡೆಯದಿರುವಾಗ ಒಮ್ಮೆ ಪಡೆದು, ಬೋರ್ಡ್ ಆರುವವರೆಗೆ ಇಟ್ಟುಕೊಂಡರೆ ಮಧ್ಯಾಹ್ನದ ದೂರು ಅಲ್ಲಿಗೇ ತೀರುತ್ತದೆ. ಮುಚ್ಚಿದಾಗ ಬಿಡುವುದು ಸಭ್ಯತೆ ಎಂದು ಕಲಿತವರಿಗೆ ಇದು ಒರಟಾಗಿ ಕಂಡಿತು. ಹಲವು ಕೆಲಸಗಳು ಮೆಮೊರಿ ಹಂಚಿಕೊಳ್ಳುವ ಸರ್ವರ್ ಆಗಿದ್ದರೆ ನಾನೂ ಒಪ್ಪುತ್ತಿರಲಿಲ್ಲ; ಇಲ್ಲಿ ಈ ವಾದ ಸರಿ ಇತ್ತು. ಆದರೆ ಅದು ಮೊದಲ ದೂರಿಗೆ ಮಾತ್ರ ಉತ್ತರ.

ಮೂರನೆಯದು, ಕರ್ನಲ್‌ನ ಡಿಎಂಎ ಕರೆಗಳನ್ನು ಬಳಸುವುದು. ಇದರಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ, ಯಾವ ಕರೆ ಎಂಬುದರಲ್ಲಿ ಇತ್ತು. ಡಿಎಂಎ ಅಲಾಕ್ ಕೊಹೆರೆಂಟ್ ಕರೆದರೆ ಪ್ರೊಸೆಸರ್‌ಗೂ ಸಾಧನಕ್ಕೂ ಯಾವಾಗಲೂ ಒಂದೇ ಕಾಣುವ ಮೆಮೊರಿ ಸಿಗುತ್ತದೆ, ಒಪ್ಪಿಸುವ ಮರಳಿ ಪಡೆಯುವ ಗೊಡವೆ ಇಲ್ಲ. ಇಂಥ ಬೋರ್ಡಿನಲ್ಲಿ ಕರ್ನಲ್ ಅದನ್ನು ಸಾಧಿಸುವುದು ಆ ಮೆಮೊರಿಗೆ ಕ್ಯಾಶನ್ನೇ ತಪ್ಪಿಸಿ. ಪ್ರಯೋಗಿಸಿದಾಗ ಗೆರೆಗಳು ಪೂರ್ತಿ ಹೋದವು, ಆದರೆ ಅಪ್ಲಿಕೇಶನ್ ಚಿತ್ರವನ್ನು ಹಲವು ಸಲ ಓದುವುದರಿಂದ ಪ್ರತಿ ಓದೂ ಮುಖ್ಯ ಮೆಮೊರಿಗೆ ಹೋಗಿ, ಸಿಗುವ 51 ಮಿಲಿಸೆಕೆಂಡಿನೊಳಗೆ ಲೆಕ್ಕ ಮುಗಿಯಲಿಲ್ಲ. ಸರಿಯಾದ ಚಿತ್ರ ತಡವಾಗಿ ಬಂದರೆ ಕಾಯಿ ನಳಿಕೆಯನ್ನು ದಾಟಿ ಹೋಗಿರುತ್ತದೆ.

ಆದ್ದರಿಂದ ಕ್ಯಾಶನ್ನು ಉಳಿಸಿಕೊಂಡು, ಬಫರ್ ಕೈ ಬದಲಿಸುವಾಗಲೆಲ್ಲ ಕರ್ನಲ್‌ಗೆ ತಿಳಿಸುವ ದಾರಿ ಉಳಿಯಿತು. ಕಿರಿಯ ಎಂಜಿನಿಯರ್ ಇದರ ಮೊದಲ ಆವೃತ್ತಿ ಬರೆದಾಗ ಬಫರನ್ನು ಸಾಧನಕ್ಕೆ ಒಪ್ಪಿಸುವ ಕರೆಯನ್ನು ಮಾತ್ರ ಹಾಕಿದ್ದರು. ಈ ಕರ್ನಲ್‌ನಲ್ಲಿ ಆ ಕರೆಯೇ ಹಳೆಯ ಕ್ಯಾಶ್ ಲೈನ್‌ಗಳನ್ನು ಅಳಿಸುತ್ತದೆ. ಅಳಿಸಿದ ಮೇಲೆ ಹಳೆಯದು ಎಲ್ಲಿಂದ ಬರಬೇಕು ಎಂಬುದು ಅವರ ತರ್ಕ. ಗೆರೆಗಳು ತೀರ ಕಡಿಮೆಯಾದವು, ನಿಲ್ಲಲಿಲ್ಲ. ಕಾರಣ, ಪ್ರೊಸೆಸರ್ ಕೇಳಿದ್ದನ್ನು ಮಾತ್ರ ಕ್ಯಾಶಿಗೆ ತರುವುದಿಲ್ಲ. ಮುಂದೆ ಬೇಕಾಗಬಹುದು ಎಂದು ಊಹಿಸಿಯೂ ತರುತ್ತದೆ. ಎಫ್‌ಪಿಜಿಎ ಬಫರನ್ನು ಇನ್ನೂ ತುಂಬುತ್ತಿರುವಾಗಲೇ ಹಾಗೆ ಒಂದು ಲೈನ್ ಬಂದು ಕೂತರೆ, ಅಳಿಸಿದ ಮೇಲೂ ಹಳೆಯದೇ ಒಳಗೆ ಸೇರಿದಂತಾಗುತ್ತದೆ. ಹಾಗಾಗಿ ಎರಡೂ ಕಡೆ ಕರೆ ಬೇಕು. ಒಪ್ಪಿಸುವಾಗಿನ ಕರೆ ಪ್ರೊಸೆಸರ್ ಬರೆದಿಟ್ಟ ಬೈಟುಗಳು ಆಮೇಲೆ ಹೊಸ ಚಿತ್ರದ ಮೇಲೆ ಬಂದು ಬೀಳದಂತೆ ತಡೆಯುತ್ತದೆ. ಮರಳಿ ಪಡೆಯುವಾಗಿನ ಕರೆ ಪ್ರೊಸೆಸರ್ ಹಳೆಯದನ್ನು ಓದದಂತೆ ತಡೆಯುತ್ತದೆ. ಮೊದಲನೆಯದು ತಪ್ಪಿದರೆ ಚಿತ್ರ ಮೆಮೊರಿಯಲ್ಲಿಯೇ ಕೆಡುತ್ತದೆ, ಎರಡನೆಯದು ತಪ್ಪಿದರೆ ಚಿತ್ರ ಸರಿ ಇದ್ದೂ ತಪ್ಪಾಗಿ ಕಾಣುತ್ತದೆ.

ಪ್ರತಿ ಚಿತ್ರಕ್ಕೂ 49,152 ಕ್ಯಾಶ್ ಲೈನ್‌ಗಳನ್ನು ಹೀಗೆ ಎರಡು ಸಲ ಮುಟ್ಟುವುದು ದುಬಾರಿಯಾಗದೇ ಎಂಬ ಆಕ್ಷೇಪ ಬಂತು. ದುಬಾರಿಯೇ, ಆದರೆ ಕ್ಯಾಶ್ ಇಲ್ಲದೆ ಓದುವುದಕ್ಕಿಂತ ಅಗ್ಗ; ಓಡಿಸಿ ನೋಡಿದಾಗ ಲೆಕ್ಕ 51 ಮಿಲಿಸೆಕೆಂಡಿನೊಳಗೆ ಮುಗಿಯಿತು.

ಕೊನೆಗೆ ಮಾಡಿದ್ದು

ಚಿತ್ರದ ಬಫರ್‌ಗಳಿಗೆ ಡಿಎಂಎ ಅಲಾಕ್ ನಾನ್‌ಕೊಹೆರೆಂಟ್ ಬಳಸಲಾಯಿತು. ಇಂದಿನ ರೂಪದಲ್ಲಿ ಇದು 2020ರ ಕೊನೆಯ 5.10 ಕರ್ನಲ್‌ನಿಂದ ಇದೆ. ಕ್ಯಾಶ್ ಇರುವ, ಭೌತಿಕವಾಗಿ ಒತ್ತಾದ ಮೆಮೊರಿಯನ್ನು ಕೊಟ್ಟು, ಕೈ ಬದಲಿಸುವ ಕರೆಗಳ ಹೊಣೆಯನ್ನು ಡ್ರೈವರ್‌ಗೆ ಬಿಡುತ್ತದೆ. ಬೋರ್ಡ್ ಏಳುವಾಗ ಸಿಎಂಎ ಎಂಬ, ಒತ್ತಾದ ಮೆಮೊರಿ ಕೊಡಲೆಂದೇ ಇರುವ ಪ್ರದೇಶ ಕಾಯ್ದಿರಿಸಿದ್ದರೆ ಈ ಕರೆ ಅಲ್ಲಿಂದಲೇ ತೆಗೆದುಕೊಳ್ಳುತ್ತದೆ. 2012ರಲ್ಲಿ ಕರ್ನಲ್ 3.5ಕ್ಕೆ ಸೇರಿದ ಸಿಎಂಎಯ ಅನುಕೂಲವೆಂದರೆ, ಸಾಧನಕ್ಕೆ ಬೇಡವಾದಾಗ ಆ ಜಾಗವನ್ನು ಅಲುಗಿಸಬಹುದಾದ ಪುಟಗಳಿಗೆ ಬಿಟ್ಟುಕೊಡುವುದು ಮತ್ತು ಎರಡರ ಘಾತಕ್ಕೆ ಏರಿಸದೆ ಬೇಕಾದಷ್ಟೇ ಪುಟ ಕೊಡುವುದು. 3 ಎಂಬಿಗೆ 768 ಪುಟ, ನಾಲ್ಕಕ್ಕೆ 12 ಎಂಬಿ. ಮೊದಲಿನ 16 ಎಂಬಿ ಇಲ್ಲ. ಆದರೂ ಹಿರಿಯರ ಸಲಹೆಯನ್ನು ಕೈಬಿಡಲಿಲ್ಲ. ಸಿಎಂಎ ಪ್ರದೇಶದಲ್ಲಿ ಕೂತ ಪುಟವೊಂದನ್ನು ಬೇರಾರೋ ಬಿಗಿಯಾಗಿ ಹಿಡಿದಿದ್ದರೆ ಅದನ್ನು ಸರಿಸಲಾಗದೆ ಹಂಚಿಕೆ ಅಲ್ಲಿಯೂ ಸೋಲಬಹುದು. ಆದ್ದರಿಂದ ಬಫರನ್ನು ಡ್ರೈವರ್ ಏಳುವಾಗ ಒಮ್ಮೆ ಪಡೆದು ಹಾಗೆಯೇ ಇಟ್ಟುಕೊಳ್ಳಲಾಗುತ್ತದೆ.

ಎಫ್‌ಪಿಜಿಎ ತನ್ನ ಸ್ಥಿತಿಯನ್ನು ಬರೆಯುವ ಸಣ್ಣ ಕೋಷ್ಟಕಕ್ಕೆ ಮಾತ್ರ ಕೊಹೆರೆಂಟ್ ಮೆಮೊರಿ ಉಳಿಯಿತು. ಮೊದಲು ಈ ಸ್ಥಿತಿಯ ಪದ ಡ್ರೈವರ್‌ನ ಮಾಹಿತಿಯನ್ನು ಒಟ್ಟಿಗೆ ಇಡುವ ಮುಖ್ಯ ಸ್ಟ್ರಕ್ಚರ್‌ನೊಳಗೇ, ಪ್ರೊಸೆಸರ್ ಏರಿಸುವ ಎಣಿಕೆಯೊಂದರ ಪಕ್ಕದಲ್ಲಿ ಇತ್ತು. ಎರಡೂ ಒಂದೇ ಕ್ಯಾಶ್ ಲೈನ್‌ನಲ್ಲಿದ್ದುದರಿಂದ ಪ್ರೊಸೆಸರ್ ಎಣಿಕೆ ಬರೆದಾಗ ಪಕ್ಕದ ಹಳೆಯ ಸ್ಥಿತಿಯೂ ಅದರೊಡನೆ ಮೆಮೊರಿಗೆ ಹೋಗುವ ಸಾಧ್ಯತೆ ಇತ್ತು. ಸಾಧನ ಬರೆಯುವ ಬೈಟೂ ಪ್ರೊಸೆಸರ್ ಬರೆಯುವ ಬೈಟೂ ಒಂದೇ ಲೈನ್ ಹಂಚಿಕೊಳ್ಳಬಾರದು. ಕೆಮ್ಯಾಲಕ್ 64 ಬಿಟ್ ಎಆರ್‌ಎಂನಲ್ಲಿ ಇದೇ ಕಾರಣಕ್ಕೆ ಈ ಆವೃತ್ತಿಯಲ್ಲಿ 128 ಬೈಟಿನ ಗಡಿಗೆ ಹೊಂದಿಸಿ ಮೆಮೊರಿ ಕೊಡುತ್ತದೆ, ಆದರೆ ಒಂದೇ ಸ್ಟ್ರಕ್ಚರ್‌ನ ಒಳಗೆ ನಾವೇ ಬೆರೆಸಿಟ್ಟರೆ ಆ ರಕ್ಷಣೆ ನಿರುಪಯೋಗಿ.

ಅಪ್ಲಿಕೇಶನ್‌ನ ಕಡೆಯಲ್ಲಿ ನಿಯಮವೊಂದು ಸೇರಿತು: ಬಫರ್ ಬೇಕೆಂದು ಕೇಳಿ ಪಡೆಯಬೇಕು, ನೋಡಿ ಮುಗಿದ ಮೇಲೆ ಮರಳಿಸಬೇಕು, ಮರಳಿಸಿದ ಮೇಲೆ ಮುಟ್ಟಬಾರದು. ಹಿಂದೆ ಅಪ್ಲಿಕೇಶನ್ ನಾಲ್ಕೂ ಬಫರ್‌ಗಳನ್ನು ಸದಾ ತನ್ನ ವಿಳಾಸದಲ್ಲಿ ತೆರೆದಿಟ್ಟುಕೊಂಡು, ಯಾವುದು ಹೊಸದು ಎಂಬ ಸಂಖ್ಯೆಯೊಂದನ್ನು ಓದಿಕೊಳ್ಳುತ್ತಿತ್ತು. ನೋಡುತ್ತಿರುವಾಗಲೇ ಎಫ್‌ಪಿಜಿಎ ಅದೇ ಬಫರ್‌ಗೆ ಮರಳಿ ಬಂದರೆ ತಡೆಯುವವರೇ ಇರಲಿಲ್ಲ.

ಇದೆಲ್ಲವನ್ನೂ ವಿಡಿಯೊ ಸಾಧನಗಳಿಗಾಗಿ ಕರ್ನಲ್‌ನಲ್ಲಿ 2011ರಿಂದಲೇ ಇರುವ ವಿಡಿಯೊಬಫ್2 ಚೌಕಟ್ಟು ಮಾಡಿಕೊಡುತ್ತದೆ. ಅದನ್ನೇ ಬಳಸಿರೆಂದು ನಾನು ಹೇಳಿದೆ. ಅಪ್ಲಿಕೇಶನ್ ತಮ್ಮದೇ ಕರೆಗಳಿಗೆ ಅಂಟಿಕೊಂಡಿದೆ, ಹಂಗಾಮು ಮುಗಿಯಲಿ ಎಂದು ತಂಡದವರು ಹೇಳಿದರು. ವ್ಯಾಪಾರದ ದೃಷ್ಟಿಯಿಂದ ಅವರ ಮಾತು ಸರಿ. ಎಂಜಿನಿಯರಿಂಗ್ ದೃಷ್ಟಿಯಿಂದ ಅವರು ಇರುವ ಚಕ್ರವನ್ನು ಎರಡನೆಯ ಸಲ ಕಡೆದರು ಎಂದೇ ನನ್ನ ಅಭಿಪ್ರಾಯ.

ಪರಿಶೀಲನೆಯಲ್ಲಿ ಸಿಕ್ಕ ಇನ್ನೆರಡು

ಇಂಟರಪ್ಟ್ ಬಂದಾಗಲೆಲ್ಲ ಡ್ರೈವರ್ ಚಿತ್ರದ ವಿವರಕ್ಕಾಗಿ ಒಂದು ಸಣ್ಣ ತುಂಡು ಮೆಮೊರಿಯನ್ನು ಜಿಎಫ್‌ಪಿ ಕರ್ನಲ್ ಎಂಬ ಗುರುತಿನೊಂದಿಗೆ ಕೇಳುತ್ತಿತ್ತು. ಆ ಗುರುತಿನ ಅರ್ಥ, ಬೇಕಾದರೆ ಕಾಯುತ್ತೇನೆ ಎಂದು. ಇಂಟರಪ್ಟ್ ನಿರ್ವಹಿಸುವಾಗ ಕಾಯುವಂತಿಲ್ಲ. ಮೆಮೊರಿ ಸುಲಭವಾಗಿ ಸಿಗುವವರೆಗೆ ಇದು ಬೆಳಕಿಗೆ ಬರುವುದಿಲ್ಲ. ನಿಷಿದ್ಧ ಸ್ಥಿತಿಯಲ್ಲಿ ನಿದ್ರಿಸುವುದನ್ನು ಹಿಡಿಯುವ ಕರ್ನಲ್ ಆಯ್ಕೆಯನ್ನು ಹಾಕಿದೊಡನೆ ಎಚ್ಚರಿಕೆ ಬಿತ್ತು. ಜಿಎಫ್‌ಪಿ ಅಟಾಮಿಕ್‌ಗೆ ಬದಲಿಸಿದರೆ ಸಾಕೆಂದು ಒಬ್ಬರು ಹೇಳಿದರು. ಅದು ಕಾಯದೆ, ಕರ್ನಲ್‌ನ ಮೀಸಲಿನಿಂದಲೂ ತೆಗೆದುಕೊಂಡು ಕೊಡುತ್ತದೆ, ಆದರೆ ಸೋಲಲೂಬಹುದು, ಸೋತರೆ ಆ ಚಿತ್ರ ಹೋದಂತೆ. ನಾಲ್ಕೇ ಬಫರ್ ಇರುವಲ್ಲಿ ವಿವರಗಳೂ ನಾಲ್ಕೇ. ಅವನ್ನು ಮೊದಲೇ ಪಡೆದಿಟ್ಟು ಇಂಟರಪ್ಟ್‌ನಲ್ಲಿ ಮೆಮೊರಿ ಕೇಳುವುದನ್ನೇ ನಿಲ್ಲಿಸಲಾಯಿತು.

ಇನ್ನೊಂದು ಹೆಚ್ಚು ಗಂಭೀರ. ಮುಖ್ಯ ಸ್ಟ್ರಕ್ಚರನ್ನು ಡೆವ್‌ಎಂ ಕೆಜ್ಯಾಲಕ್ ಎಂಬ ಕರೆಯಿಂದ ಪಡೆಯಲಾಗಿತ್ತು. ಆ ಮೆಮೊರಿ ಡ್ರೈವರ್ ಸಾಧನದಿಂದ ಬೇರ್ಪಟ್ಟ ಕ್ಷಣ ತಾನಾಗಿ ಬಿಡುಗಡೆಯಾಗುತ್ತದೆ, ಅದೇ ಅದರ ಅನುಕೂಲ. ಕಚೇರಿಯಲ್ಲಿ ಎಫ್‌ಪಿಜಿಎಗೆ ಹೊಸ ವಿನ್ಯಾಸ ತುಂಬುವಾಗ ಡ್ರೈವರ್ ಬೇರ್ಪಡುತ್ತಿತ್ತು, ಅಪ್ಲಿಕೇಶನ್ ಮಾತ್ರ ಸಾಧನದ ಕಡತವನ್ನು ಇನ್ನೂ ತೆರೆದಿಟ್ಟಿರುತ್ತಿತ್ತು. ಆಮೇಲೆ ಅದು ಮುಚ್ಚಿದಾಗ ಡ್ರೈವರ್ ಬಿಡುಗಡೆಯಾದ ಸ್ಟ್ರಕ್ಚರನ್ನು ಮುಟ್ಟುತ್ತಿತ್ತು. ಇದು ಪ್ರೊಸೆಸರ್‌ನ ಬರಹವಾದ್ದರಿಂದ ಈ ಸಲ ಕಾಸಾನ್ ಮಾತಾಡಿತು. ತೆರೆದ ಕಡತಗಳನ್ನು ಎಣಿಸಿ, ಕೊನೆಯವರು ಬಿಟ್ಟಾಗ ಮಾತ್ರ ಸ್ಟ್ರಕ್ಚರ್ ಅಳಿಸುವಂತೆ ಬದಲಿಸಿದರು. ಬಫರ್‌ಗಳ ವಿಷಯದಲ್ಲಿ ಅಷ್ಟು ಸುಲಭವಿರಲಿಲ್ಲ: ಡ್ರೈವರ್ ಬೇರ್ಪಟ್ಟು ಬಫರ್ ಕರ್ನಲ್‌ಗೆ ಮರಳಿದ ಮೇಲೂ ಅಪ್ಲಿಕೇಶನ್‌ನ ವಿಳಾಸದಲ್ಲಿ ಅದೇ ಪುಟಗಳು ತೆರೆದಿದ್ದರೆ, ಆ ಪುಟಗಳು ಅಷ್ಟರಲ್ಲಿ ಬೇರಾರದೋ ಆಗಿರಬಹುದು. ಸದ್ಯಕ್ಕೆ ಡ್ರೈವರನ್ನು ಕೈಯಾರೆ ಬೇರ್ಪಡಿಸುವ ಸೌಲಭ್ಯವನ್ನು ಮುಚ್ಚಿ, ಹೊಸ ವಿನ್ಯಾಸ ತುಂಬುವ ಮೊದಲು ಅಪ್ಲಿಕೇಶನ್ ನಿಲ್ಲಿಸುವಂತೆ ಕ್ರಮ ಮಾಡಿದ್ದಾರೆ. ಇದು ಬಾಗಿಲಿಗೆ ಚಿಲಕ ಹಾಕಿದ್ದು, ಗೋಡೆ ಕಟ್ಟಿದ್ದಲ್ಲ. ವಿಡಿಯೊಬಫ್2ಗೆ ಹೋದಾಗ ಮತ್ತೆ ತೆರೆಯಬೇಕಾದ ವಿಷಯವೆಂದು ದಾಖಲಿಸಲಾಗಿದೆ.

32 ಸಾಲಿನ ಚಿತ್ರದ ಪರೀಕ್ಷೆಯನ್ನು ಈಗ ಯಂತ್ರ ಹುಬ್ಬಳ್ಳಿ ಬಿಡುವ ಮೊದಲು ಪ್ರತಿ ಬೋರ್ಡಿನ ಮೇಲೂ ಓಡಿಸಲಾಗುತ್ತದೆ. ಮುಂದಿನ ಬೋರ್ಡಿನಲ್ಲಿ ಎಫ್‌ಪಿಜಿಎಯನ್ನು ಕ್ಯಾಶಿನೊಡನೆ ಹೊಂದಿಕೊಳ್ಳುವ ದಾರಿಗೆ ಜೋಡಿಸುವ ಯೋಚನೆ ಇದೆ. ಹಾಗೆ ಜೋಡಿಸಿದರೆ ಬೋರ್ಡಿನ ಸಾಧನಗಳನ್ನು ಕರ್ನಲ್‌ಗೆ ವಿವರಿಸುವ ಡಿವೈಸ್ ಟ್ರೀ ಕಡತದಲ್ಲಿ ಸಾಧನಕ್ಕೆ ಡಿಎಂಎ ಕೊಹೆರೆಂಟ್ ಎಂಬ ಗುಣವನ್ನು ಬರೆಯಬೇಕು, ಆಗ ಡ್ರೈವರ್‌ನ ಒಂದು ಅಕ್ಷರವೂ ಬದಲಾಗದೆ ಕ್ಯಾಶ್ ಕೆಲಸಗಳನ್ನೆಲ್ಲ ಕರ್ನಲ್ ತಾನೇ ಬಿಟ್ಟುಬಿಡುತ್ತದೆ. ಆ ಕಡತವನ್ನು ತಪ್ಪಿ ಈಗಿನ ಬೋರ್ಡಿಗೆ ಹಾಕಿದರೆ ಸರಿಯಾದ ಡ್ರೈವರ್ ಇದ್ದೂ ಅವೇ ಗೆರೆಗಳು ಮರಳುತ್ತವೆ. ಆದ್ದರಿಂದ ಬೋರ್ಡಿನ ಆವೃತ್ತಿಗೂ ಡಿವೈಸ್ ಟ್ರೀ ಕಡತಕ್ಕೂ ತಾಳೆ ನೋಡುವ ಒಂದು ಹೆಜ್ಜೆಯನ್ನು ಪರೀಕ್ಷಾ ಪಟ್ಟಿಯಲ್ಲಿ ಸೇರಿಸಲಾಗಿದೆ.